ಗಾದೆಪ್ಪನ ಬಾಯಿಗೆ ಬಂದ ಮಾತು

ದೇಶನೂರಿನ ಗಾದೆಪ್ಪ ಕಬಡ್ಡಿ ಆಡಿ ಹೊಟ್ಟೆ ಹೊರೆದ ಮನುಷ್ಯ ಅಂದರೆ ಇವತ್ತಿನವರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು ಮಣ್ಣು! ಬಳ್ಳಾರಿಯ ನಮ್ಮ ಹತ್ತಿ ಗಿರಣಿಯವರು ಆಗ ಒಂದು ತಂಡ ಕಟ್ಟಿದ್ದರು. ಬೆಳಿಗ್ಗೆ ಅರಳೆ ಮೂಟೆ ಹೊರಬೇಕು, ಸಂಜೆ ಮೈದಾನಕ್ಕೆ ಇಳಿಯಬೇಕು. ಕೂಲಿ ಕೊಡುತ್ತಿದ್ದದ್ದು ಮಾತ್ರ ಆಟಕ್ಕೆ. ಆ ತಂಡಕ್ಕೆ ನಾನು ನಾಯಕ, ಗಾಂಧಿನಗರದ ತಿಪ್ಪೇರುದ್ರಪ್ಪ.

ಗಾದೆಪ್ಪನನ್ನು ನಾನು ಮೊದಲು ನೋಡಿದ್ದು ಅರವತ್ತೊಂಬತ್ತರಲ್ಲಿ, ಸಿರುಗುಪ್ಪದ ಪಂದ್ಯದಲ್ಲಿ. ಅವನು ಎದುರಾಳಿ. ದಾಳಿಗೆ ಬಂದವನನ್ನು ಐದು ಜನ ಕೂಡಿ ಕೆಡವಿದೆವು. ಒಬ್ಬ ಕಾಲು ಹಿಡಿದಿದ್ದ, ಒಬ್ಬ ಸೊಂಟ, ನಾನು ಕೊರಳಿಗೇ ಜೋತುಬಿದ್ದಿದ್ದೆ. ಮಾರಾಯ ನಮ್ಮೈವರನ್ನೂ ಎಳೆದುಕೊಂಡು ಅಂಬೆಗಾಲಲ್ಲಿ ಗೆರೆ ಮುಟ್ಟಿಬಿಟ್ಟ! ದಮ್ಮು ಒಂದಿಷ್ಟೂ ಮುರಿದಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ಮಣ್ಣಲ್ಲೇ ಕುಳಿತೆ. ಮರುವಾರವೇ ನಮ್ಮ ಮ್ಯಾನೇಜರ್ ದೊಡ್ಡಬಸಪ್ಪನವರಿಗೆ ದುಂಬಾಲು ಬಿದ್ದು ಅವನನ್ನು ಗಿರಣಿಗೆ ಕರೆತಂದೆ.

ಅವನಲ್ಲಿ ಒಂದೇ ಒಂದು ಐಬು ಇತ್ತು. ಸಿರುಗುಪ್ಪದ ಪಕ್ಕದ ದೇಶನೂರಿನ ಕಡೆ ತೆಲುಗಿನ ಗಾಳಿ ಜಾಸ್ತಿ. ಅಲ್ಲಿಯವರು ಗದ್ದೆಯಲ್ಲಿ ಆಡುವಾಗ ‘ಕಬಡ್ಡಿ ಕಬಡ್ಡಿ’ ಅನ್ನುವುದಿಲ್ಲ, ‘ಚೆಡುಗುಡು ಚೆಡುಗುಡು’ ಅನ್ನುತ್ತಾರೆ. ನಿಯಮದ ಪುಸ್ತಕ ಇದನ್ನು ಒಪ್ಪುವುದಿಲ್ಲ. ಕಬಡ್ಡಿ ಬಿಟ್ಟು ಬೇರೆ ಮಾತು ಬಂತೋ, ದಾಳಿ ರದ್ದು. ಹಾಗಾಗಿ ಸಂಗನಕಲ್ಲಿನ ಗುಡ್ಡ ಓಡಿಸಿ ಹತ್ತಿಸುತ್ತಾ ಅವನಿಗೆ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದೆ.

“ಕಬಡ್ಡಿ ಅನ್ಲೇ, ಕಬಡ್ಡಿ!”

“ಅಂತೀನಿ ಬಿಡಪ್ಪಾ ತಿಪ್ಪಣ್ಣ. ಹುಟ್ಟಿದಾಗಿಂದ ಆಡಿದ ನಾಲಿಗಿ, ಒಂದ ದಿನಕ್ಕ ತಿರುಗತೈತೇನು?”

ತಿರುಗಿತು. ಐದು ವರ್ಷ ಅವನ ಬಾಯಲ್ಲಿ ಕಬಡ್ಡಿ ಬಿಟ್ಟು ಬೇರೆ ಬರಲಿಲ್ಲ. ಗಿರಣಿಯ ಕಪಾಟಿನ ತುಂಬ ಶೀಲ್ಡುಗಳು ಬಂದವು. ಅವನಿಗೆ ಬಂದದ್ದು ಒಮ್ಮೆ ಮುರಿದ ಹೆಗಲೆಲುಬು, ಮೂರು ಸೊಟ್ಟ ಬೆರಳು, ಬಲ ಮೊಣಕಾಲಿನ ನೋವು. ಎಪ್ಪತ್ನಾಲ್ಕರ ಹೊತ್ತಿಗೆ ಆ ಮೊಣಕಾಲು ಮೆಟ್ಟಿಲು ಇಳಿಯುವಾಗ ಕಟಕಟ ಅನ್ನುತ್ತಿತ್ತು.

ಆ ವರ್ಷ ದೊಡ್ಡಬಸಪ್ಪನವರು ನಮ್ಮಿಬ್ಬರನ್ನೂ ಕರೆದರು. “ಕಾಯಂ ಕೆಲಸ ಒಂದೇ ಐತಿ. ಕುರುಗೋಡಿನ ಪಂದ್ಯದಾಗ ನಿಮ್ಮಿಬ್ಬರಾಗ ಯಾರು ಹೆಚ್ಚಿಗಿ ಪಾಯಿಂಟ್ ತರ್ತೀರೋ ಅವರಿಗೆ. ಇನ್ನೊಬ್ರು ಆಡೋತನಕ ಕೂಲಿ, ಆಮ್ಯಾಲ ಮನಿ.”

ಹೊರಗೆ ಬಂದ ಮೇಲೆ ಗಾದೆಪ್ಪ ಮೊಣಕಾಲು ಸವರಿಕೊಂಡ. “ಮುಂದಿನ ವರ್ಷ ಈ ಕಾಲು ಆಡಂಗಿಲ್ಲ ಅಣ್ಣಾ. ಪಾರಮ್ಮಗ ಏಳು ತಿಂಗಳು,” ಅಂದ. ಪಾರಮ್ಮ ಅವನ ಹೆಂಡತಿ, ಬಸುರಿ. ನನಗೂ ಎರಡು ಮಕ್ಕಳಿದ್ದವು.

ಕುರುಗೋಡಿನ ಫೈನಲ್ಲಿನ ಕೊನೆಯ ದಾಳಿ. ಪಂದ್ಯಾವಳಿಯಲ್ಲಿ ನನ್ನವು ಮೂವತ್ತೆರಡು ಪಾಯಿಂಟು, ಗಾದೆಪ್ಪನವು ಮೂವತ್ತೊಂದು. ತಂಡ ಒಂದು ಪಾಯಿಂಟು ಹಿಂದೆ. ದಾಳಿಗೆ ಹೋದವನು ಗಾದೆಪ್ಪ. ಇಬ್ಬರನ್ನು ಮುಟ್ಟಿ ತಿರುಗಿದ. ಗೆರೆ ಮುಟ್ಟಿದರೆ ಅವನವು ಮೂವತ್ತಮೂರು, ಕೆಲಸವೂ ಅವನದೇ. ಅಷ್ಟರಲ್ಲಿ ಯಾವನೋ ಅದೇ ಬಲಗಾಲಿಗೆ ಬಿದ್ದ. ಲಟಕ್ ಅಂದದ್ದು ಗೆರೆಯ ಹತ್ತಿರ ನಿಂತ ನನಗೂ ಕೇಳಿಸಿತು. ಅಯ್ಯೋ ಶಿವನೇ! ಮೇಲೆ ಆರು ಜನ ಬಿದ್ದರು. ಅವರ ಅಡಿಯಿಂದ ಅವನ ಕೈ ಹೊರಬಂದು ಗೆರೆ ಮುಟ್ಟಿತು. ಕೈಯ ಜೊತೆ ದಮ್ಮೂ ಬಂತು. ನೋವಿನಲ್ಲಿ ನಾಲಿಗೆ ಹುಟ್ಟೂರಿಗೆ ಹೊರಟುಹೋಗಿತ್ತು.

“ಚೆಡುಗುಡುಚೆಡುಗುಡು…”

ಜನ ಹುಚ್ಚೆದ್ದು ಸಿಳ್ಳೆ ಹೊಡೆಯುತ್ತಿದ್ದರು. ಎದುರಾಳಿಗಳು ತಕರಾರು ತೆಗೆದರು. ತೀರ್ಪು ಕೊಡುವ ಪಂಚರು ಡ್ರಿಲ್ ಮಾಸ್ತರ ಮಲ್ಲಯ್ಯನವರು. ಆ ಗದ್ದಲದಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದರು.

“ತಿಪ್ಪೇರುದ್ರಪ್ಪ, ನೀನು ನಾಯಕ, ಗೆರಿ ಹತ್ರ ಇದ್ದಿ. ಏನಂದ ಅವನು? ಖರೇ ಹೇಳು. ಸುಳ್ಳು ಅಂತ ಗೊತ್ತಾತಂದ್ರ ನಿನ್ನನ್ನ ಆಟದಿಂದನ ತಗದು ಹಾಕ್ತೀನಿ.”

ನಾನು ಬಾಯಿ ತೆರೆದೆ. ಮಾತು ಹೊರಬೀಳುವಷ್ಟರಲ್ಲಿ ಮಣ್ಣಲ್ಲಿ ಬಿದ್ದಿದ್ದ ಗಾದೆಪ್ಪ ಕೂಗಿದ.

“ಅವನ್ನ ಕೇಳಬ್ಯಾಡ್ರಿ ಮಾಸ್ತರ! ನಾನ ಹೇಳ್ತೀನಿ. ಚೆಡುಗುಡು ಅಂದೀನಿ.”

ಮಲ್ಲಯ್ಯನವರು ಸೀಟಿ ಊದಿ ದಾಳಿ ರದ್ದು ಮಾಡಿದರು. ಯಾವ ಸೀಮೆಯ ಮನುಷ್ಯ ಇವನು? ಎತ್ತಿನ ಗಾಡಿಗೆ ಅವನನ್ನು ಹಾಕುವಾಗ ನಾನು ಹರಿಹಾಯ್ದೆ. “ಲೇ ಮುಟ್ಠಾಳ, ಹೊಟ್ಟಿಗೆ ಅನ್ನ ತಿಂತೀಯೋ ಏನ್ ತಿಂತೀಯೋ? ನಿನ್ನ್ಯಾರು ಕೇಳಿದ್ರಲೇ?” ಅವನು ಹಲ್ಲು ಕಚ್ಚಿಕೊಂಡು, “ಆಗಿದ್ದಾತು ಬಿಡಣ್ಣಾ,” ಅಂದ. ಕಾಯಂ ಕೆಲಸ ನನಗೆ ಸಿಕ್ಕಿತು. ಅವನು ಊರಿಗೆ ಹೋದ.

ಹನ್ನೆರಡು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಎಂಬತ್ತಾರರಲ್ಲಿ ಮಗಳ ಮದುವೆಗೆ ಅಕ್ಕಿ ತರಲು ಸಿರುಗುಪ್ಪಕ್ಕೆ ಹೋದಾಗ, ಅಕ್ಕಿ ಗಿರಣಿಯ ಅಂಗಳದಲ್ಲಿ ಒಬ್ಬ ಬಲಗಾಲು ಎಳೆಯುತ್ತಾ ಭತ್ತ ಹರವುತ್ತಿದ್ದ. ಓಡಿ ಹೋಗಬೇಕು ಅನ್ನಿಸಿತು. ಅವನೇ ನೋಡಿಬಿಟ್ಟ. “ತಿಪ್ಪಣ್ಣಾ!” ಅಂತ ಬಂದು ತಬ್ಬಿಕೊಂಡು, ಕೈ ಬಿಡದೆ ಮನೆಗೆ ಎಳೆದುಕೊಂಡು ಹೋದ. ಹಿಡಿತ ಮಾತ್ರ ಹಾಗೇ ಇತ್ತು.

ಪಾರಮ್ಮ ರೊಟ್ಟಿ, ಪುಂಡಿಪಲ್ಯ ಹಾಕಿದಳು. “ನಿಮ್ಮ ಹೆಸರು ಹೇಳದ ದಿನ ಇಲ್ರಿ ಅಣ್ಣಾರ ನಮ್ಮನಿಯವರು,” ಅಂದಳು. ನನಗೆ ಅರ್ಥವಾಗಲಿಲ್ಲ.

“ಅಲ್ಲಲೇ ಗಾದೆಪ್ಪ, ಅವತ್ತು ಯಾಕ ಒಪ್ಪಿಕೊಂಡಿ?” ಅಂದೆ. ಹನ್ನೆರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ.

“ಮತ್ತೇನು ಮಾಡ್ಲಿ? ನೀ ಬಾಯಿ ತೆರೆದಿದ್ದು ನೋಡಿದೆ. ನನ್ನ ಸಲುವಾಗಿ ಕಬಡ್ಡಿ ಅಂತ ಸುಳ್ಳು ಹೇಳಾಕ ಹೊಂಟಿದ್ದಿ. ಗೊತ್ತಾಗಿದ್ರ ಮಲ್ಲಯ್ಯ ಮಾಸ್ತರು ನಿನ್ನ ಬಿಡ್ತಿದ್ರೇನು? ನನ್ನದಂತೂ ಕಾಲು ಹೋಗಿತ್ತು. ನಿನ್ನ ಅನ್ನಕ್ಕೂ ಯಾಕ ಕಲ್ಲು ಹಾಕಬೇಕು ಅಂತ…”

ರೊಟ್ಟಿಯ ತುತ್ತು ನೆತ್ತಿಗೇರಿ ಕೆಮ್ಮು ಬಂತು. ಪಾರಮ್ಮ ನೀರಿನ ಚೊಂಬು ಮುಂದಿಟ್ಟಳು. “ದಮ್ ಹಿಡಿ ಅಣ್ಣಾ, ಸಾವಕಾಶ,” ಅಂತ ಗಾದೆಪ್ಪ ನನ್ನ ಬೆನ್ನು ತಟ್ಟಿದ.

ಅವತ್ತು ಕುರುಗೋಡಿನಲ್ಲಿ ನನ್ನ ತುಟಿಯ ಮೇಲೆ ಬಂದಿದ್ದ ಅಕ್ಷರ ‘ಕ’ ಅಲ್ಲ, ‘ಚೆ’. ಇದನ್ನು ಅವನಿಗೆ ಹೇಳಲಿಲ್ಲ. ಪಾರಮ್ಮ ಹಾಕಿದ ಇನ್ನೊಂದು ರೊಟ್ಟಿಯನ್ನೂ ತಿಂದು, ಐದು ಗಂಟೆಯ ಬಸ್ಸಿಗೆ ಬಳ್ಳಾರಿಗೆ ಬಂದೆ.