ಓನರಮ್ಮನ ನೇರಳೆ ಅಂಗಿಯವರು

ಮೊನ್ನೆ ಬೇಲೂರಿನ ದಿನಸಿ ಅಂಗಡಿಯಲ್ಲಿ ಹೊಸ ಮೂಟೆಯ ಬಾಯಿ ಬಿಚ್ಚಿದಾಗ ಒಣ ಕೊಬ್ಬರಿಯ ವಾಸನೆ ಒಮ್ಮೆಲೇ ಮುಖಕ್ಕೆ ಹೊಡೆಯಿತು. ಎಣ್ಣೆಯ ಜಿಡ್ಡು, ನಾರಿನ ಧೂಳು, ಅದರೊಳಗೆ ಎಲ್ಲೋ ಒಂದು ಗಿಟುಕು ಕೆಟ್ಟಿರುವ ಸಣ್ಣ ಕಮಟು... ನಾನು ಹೋಗಿದ್ದು ತೊಗರಿಬೇಳೆಗೆ. ಬೇಳೆ ಮರೆತು ಕೊಬ್ಬರಿ ತೂಗಿಸಿಕೊಂಡು ಬಂದೆ. ನಮ್ಮ ಮನೆಯಲ್ಲಿ ಕೊಬ್ಬರಿ ತಿನ್ನುವವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ.

ಅರಸೀಕೆರೆಯಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಈ ವಾಸನೆ ಹಗಲೂ ರಾತ್ರಿಯೂ ಇತ್ತು. ಸೀರೆ ಮಡಿಸಿದರೆ ಸೀರೆಗೆ, ತಲೆ ಬಾಚಿದರೆ ಕೂದಲಿಗೆ. ತೊಂಬತ್ತರ ದಶಕದ ಕೊನೆ. ಅಲ್ಲಿನ ಕಾಲೇಜಿನ ಲೈಬ್ರರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸಂಬಳ ಬರುವ ಹೆಣ್ಣುಮಗಳು ಎಂದು ಮನೆ ತೋರಿಸಲು ಎಲ್ಲರೂ ಮುಂದೆ ಬರುತ್ತಿದ್ದರು. ಆಮೇಲೆ ‘ಯಾವ ಜನ’ ಎಂದು ಕೇಳುತ್ತಿದ್ದರು. ಬುದ್ಧನ ಪಟ ಇಟ್ಟು ಕೈಮುಗಿಯುವ ಮನೆ ನಮ್ಮದು ಎಂದು ತಿಳಿದ ತಕ್ಷಣ ಮನೆ ಅದು ಹೇಗೋ ಬೇರೆ ಯಾರಿಗೋ ಆಗಿಹೋಗಿರುತ್ತಿತ್ತು. ಓನರಮ್ಮನೂ ಕೇಳಿದರು. ನಾನೂ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಟ್ರಂಕನ್ನೇ ನೋಡಿ, “ಬೆಳಿಗ್ಗೆ ಆರಕ್ಕೆ ಮೋಟ್ರು ಹಾಕ್ತೀನಿ, ನೀರು ತುಂಬಿಸ್ಕೋಬೇಕು” ಎಂದರು. ಹಾಗೆ ಅವರ ಮನೆಯದೇ ಪಕ್ಕದ ಭಾಗ ನನಗೆ ಸಿಕ್ಕಿತು.

ಓನರಮ್ಮನಿಗೆ ಅರವತ್ತು ದಾಟಿತ್ತು. ಹಣೆಯ ತುಂಬ ವಿಭೂತಿ, ಸೋಮವಾರ ಒಪ್ಪೊತ್ತು, ವರ್ಷಕ್ಕೊಮ್ಮೆ ಮಠಕ್ಕೆ ಕಾಯಿ ಕಳಿಸುವುದು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಕೊಬ್ಬರಿ ಮಂಡಿಯನ್ನು ಮೈದುನ ನೋಡಿಕೊಳ್ಳುತ್ತಿದ್ದರು. ಅವರ ಸಂಸಾರ ಪೇಟೆಯ ಇನ್ನೊಂದು ತುದಿಯಲ್ಲಿತ್ತು. ಓನರಮ್ಮನ ಪಾಲಿಗೆ ಉಳಿದದ್ದು ಆ ಮನೆ, ಮತ್ತು ನಮ್ಮಿಬ್ಬರ ತಲೆಯ ಮೇಲಿದ್ದ ಅಟ್ಟದ ತುಂಬ ಸುಲಿಯದ ಕಾಯಿ. ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಬಿದ್ದು, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುವವರೆಗೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಮೊದಲ ಕೆಲವು ತಿಂಗಳು ನಮ್ಮ ಮಾತು ಹೊಸ್ತಿಲಿನ ಆಚೆ ಈಚೆ ನಡೆಯುತ್ತಿತ್ತು. ಬಾಡಿಗೆ ಕೊಡಲು ಹೋದರೂ ನಾನು ಜಗಲಿಯಲ್ಲೇ ನಿಲ್ಲುತ್ತಿದ್ದೆ. ಒಳಗೆ ಬಾ ಎಂದು ಅವರು ಕರೆದಿರಲಿಲ್ಲ, ಕರೆಯಲಿ ಎಂದು ನಾನೂ ಕಾಯಲಿಲ್ಲ. ಅಂಥದ್ದಕ್ಕೆ ಕಾಯುವ ಅಭ್ಯಾಸವನ್ನು ನಾನು ಚಿಕ್ಕಂದಿನಲ್ಲೇ ಬಿಟ್ಟಿದ್ದೆ. ಭಾನುವಾರದ ಮಧ್ಯಾಹ್ನಗಳು ಮಾತ್ರ ತೀರಾ ಉದ್ದವಿರುತ್ತಿದ್ದವು. ಬಟ್ಟೆ ಒಗೆದು, ಒಣಹಾಕಿ, ಒಣಗಿದ್ದನ್ನು ಮಡಿಸಿದರೂ ಸಂಜೆಯಾಗುತ್ತಿರಲಿಲ್ಲ.

ಅಂಥದ್ದೊಂದು ಭಾನುವಾರ ಒಳಗಿನಿಂದ ಕೂಗು ಬಂತು. “ಏ ಲೈಬ್ರರಿಯವ್ವಾ, ಒಸಿ ಬಾ ಇಲ್ಲಿ. ಇವ್ನು ಇಂಗ್ಲಿಷ್ನಲ್ಲಿ ಏನೋ ಬಯ್ತಾವ್ನೆ, ಏನಂತ ಹೇಳು.”

ಹೋಗಿ ಹೊಸ್ತಿಲಲ್ಲಿ ನಿಂತೆ. ಟಿ.ವಿ.ಯಲ್ಲಿ ಕೆಸರು ಮೆತ್ತಿಕೊಂಡ ದಢೂತಿ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಸೀಟಿ ಹಿಡಿದ ಒಬ್ಬ ಅವರನ್ನು ಗದರುತ್ತಿದ್ದ. ಓನರಮ್ಮ ಕಣ್ಣು ತೆಗೆಯದೆ, “ಅಲ್ಲಿಂದ ಏನ್ ಕಾಣ್ತೈತೆ, ಒಳಕ್ ಬಾ” ಎಂದರು. ಹೊಸ್ತಿಲ ನೆನಪು ಆಗ ಅವರಿಗೆ ಇತ್ತೋ ಇಲ್ಲವೋ... ನಾನು ಯಾವತ್ತೂ ಕೇಳಲಿಲ್ಲ. ಒಳಗೆ ಹೋಗಿ ಚಾಪೆಯ ಮೇಲೆ ಕೂತೆ. ಆಮೇಲೆ ಎಷ್ಟೋ ಭಾನುವಾರ ಅದೇ ಚಾಪೆ.

ಅದು ರಗ್ಬಿ. ಇಂಗ್ಲೆಂಡಿನ ಕ್ಲಬ್‌ಗಳ ಪಂದ್ಯ. ಕೇಬಲ್ಲಿನವನು ಕೊಟ್ಟಿದ್ದ ಕ್ರೀಡಾ ಚಾನೆಲ್ಲಿನಲ್ಲಿ ಭಾನುವಾರ ಮಧ್ಯಾಹ್ನ ಬರುತ್ತಿತ್ತು. ಓನರಮ್ಮ ಅದನ್ನು ಕಾಯಿ ಆಟ ಎನ್ನುತ್ತಿದ್ದರು. ಮೊದಲ ಸಲ ನೋಡಿದಾಗ ಸುಲಿಯದ ತೆಂಗಿನಕಾಯಿಗೆ ಕಿತ್ತಾಡುತ್ತಿದ್ದಾರೆ ಎಂದೇ ತಿಳಿದಿದ್ದರಂತೆ. ಧಾರಾವಾಹಿಗಳಲ್ಲಿ ಬರೀ ಅಳು, ಕ್ರಿಕೆಟ್ಟಿನಲ್ಲಿ ಬರೀ ನಿಲ್ಲುವುದು, ಇದೊಂದೇ ಜೀವ ಇರುವ ಆಟ ಎಂಬುದು ಅವರ ತೀರ್ಮಾನ. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದೆ ಬರುವವನಿಗೇ ಕೊಡಬೇಕು, ಆದರೂ ಮುಂದಕ್ಕೇ ಹೋಗಬೇಕು ಎಂಬ ನಿಯಮ ಅವರಿಗೆ ಬಹಳ ಹಿಡಿಸಿತ್ತು. ಉಳಿದ ನಿಯಮಗಳಲ್ಲಿ ನಾವಿಬ್ಬರೂ ಒಂದೇ ದೋಣಿಯವರು. ಒಬ್ಬ ಚೆಂಡನ್ನು ಮೈದಾನದ ಆಚೆ ಒದ್ದರೆ ಜನ ಚಪ್ಪಾಳೆ ತಟ್ಟುವುದೇಕೆ ಎಂದು ಒಂದು ಚಳಿಗಾಲವಿಡೀ ಯೋಚಿಸಿದ್ದೇವೆ. ಪಾಪ, ತಪ್ಪು ಮಾಡಿದವನಿಗೆ ಸಮಾಧಾನ ಹೇಳುತ್ತಿದ್ದಾರೆ ಎಂದು ಓನರಮ್ಮ ನಂಬಿದ್ದರು. ನಾನು ಅದನ್ನು ಒಪ್ಪಿಯೂ ಇದ್ದೆ.

ಅವರಿಗೊಂದು ಕ್ಲಬ್ ಇತ್ತು. ನೇರಳೆ ಅಂಗಿಯವರು. ಯಾವತ್ತೋ ಒಂದು ದಿನ ಆ ಕ್ಲಬ್ಬಿನ ಮೈದಾನದ ಹಿಂದೆ ರೈಲು ಹಾದುಹೋಗಿದ್ದನ್ನು ಟಿ.ವಿ.ಯಲ್ಲಿ ಕಂಡಿದ್ದರು. “ನಮ್ಮೂರಂಗೆ ಜಂಕ್ಷನ್ ಇರ್ಬೇಕು” ಎಂದು ಅಂದಿನಿಂದ ಅವರ ಕಡೆ ಆಗಿಬಿಟ್ಟರು. ಅಷ್ಟೇ ಕಾರಣ. ಆ ತಂಡದಲ್ಲಿ ಕಿವಿಗೆ ಪಟ್ಟಿ ಸುತ್ತಿಕೊಂಡ ಒಬ್ಬ ಡುಮ್ಮ ಇದ್ದ. ತಲೆಗೆ ತಲೆ ಕೊಟ್ಟು ನೂಕುವಾಗ ಎದುರಿನವರು ಇವನ ಮುಂದೆ ಬೆವರುತ್ತಿದ್ದರು. ಮರುವರ್ಷ ಅವನು ಬೇರೆ ಕ್ಲಬ್ಬಿನ ಅಂಗಿ ತೊಟ್ಟು ಬಂದ. ಹೆಚ್ಚು ಸಂಬಳ ಕೊಟ್ಟವರ ಕಡೆ ಹೋಗುತ್ತಾರೆ, ಈಗ ಇದು ಅವರ ನೌಕರಿ ಎಂದು ನಾನು ವಿವರಿಸಿದೆ. ಓನರಮ್ಮ ಅವತ್ತು ಮುಖ ಊದಿಸಿಕೊಂಡೇ ಇದ್ದರು. ಕೊನೆಗೆ, “ಹೋಗ್ಲಿ ಬಿಡು, ಟ್ರಾನ್ಸ್‌ಫರ್ ಆಗಿರ್ತೈತೆ. ನಾಳೆ ನಿಂಗೂ ಆಯ್ತದೆ” ಎಂದು ಎದ್ದು ಕಾಫಿಗೆ ನೀರಿಟ್ಟರು.

ಆ ವರ್ಷ ನೇರಳೆಯವರು ಸೋತದ್ದೇ ಸೋತದ್ದು. ಪಟ್ಟಿಯ ತಳದಲ್ಲಿದ್ದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ ಎಂದು ಟಿ.ವಿ.ಯವರು ಹೇಳುತ್ತಿದ್ದರು. ಇಳಿದರೆ ಏನಾಗುತ್ತದೆ ಎಂದು ಓನರಮ್ಮ ಕೇಳಿದರು. ಕೆಳಗಿನ ದರ್ಜೆಯ ಪಂದ್ಯಗಳನ್ನು ಈ ಚಾನೆಲ್ಲಿನಲ್ಲಿ ತೋರಿಸುವುದಿಲ್ಲ ಎಂದೆ. ಅವರಿಗೆ ಅದು ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, “ಅಂದ್ರೆ ನಾನು ಇವ್ರನ್ನ ಇನ್ನ್ ನೋಡಂಗೇ ಇಲ್ವಾ?” ಎಂದರು. ಸೋಲು ಗೆಲುವು ಬೇರೆ ಮಾತು. ವಾರಕ್ಕೊಮ್ಮೆ ತಪ್ಪದೆ ಮನೆಗೆ ಬರುತ್ತಿದ್ದವರು ಅವರಿಗೆ ಇದ್ದದ್ದೇ ಆ ಹದಿನೈದು ಜನ.

ಎಲ್ಲ ಕೊನೆಯ ಪಂದ್ಯಕ್ಕೆ ಬಂದು ನಿಂತಿತು. ಗೆದ್ದರೆ ಉಳಿಯುತ್ತಾರೆ.

ಆ ವಾರ ಸೋಮವಾರ ಲೈಬ್ರರಿಗೆ ಬಂದ ಇಂಗ್ಲಿಷ್ ಪತ್ರಿಕೆಯನ್ನು ಕಡ್ಡಿಗೆ ಸಿಕ್ಕಿಸುತ್ತಿದ್ದೆ. ಕ್ರೀಡಾ ಪುಟದ ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಆ ಪಂದ್ಯದ ಫಲಿತಾಂಶ ಇತ್ತು. ಮುಂದಿನ ಭಾನುವಾರ ನಾವು ನೋಡಬೇಕಾಗಿದ್ದ ಪಂದ್ಯ ಆಗಲೇ ಮುಗಿದಿತ್ತು. ಅಲ್ಲಿಯವರೆಗೆ ನಾವು ನೋಡಿದ್ದೆಲ್ಲ ಒಂದು ವಾರ ಹಳೆಯದು ಎಂದು ನನಗೆ ಗೊತ್ತಾದದ್ದು ಆಗ. ನೇರಳೆಯವರು ಸೋತಿದ್ದರು.

ಆ ವಾರವೆಲ್ಲ ನಾನು ಅವರಿಂದ ಮುಖ ತಪ್ಪಿಸಿಕೊಂಡು ಓಡಾಡಿದೆ. ಭಾನುವಾರ ಬೆಳಿಗ್ಗೆ ಓನರಮ್ಮ ಸ್ನಾನ ಮಾಡಿ, ಒಂದು ದೊಡ್ಡ ಕಾಯಿ ಸುಲಿಸಿಕೊಂಡು, ಗಣಪತಿ ಗುಡಿಯಲ್ಲಿ ಈಡುಗಾಯಿ ಒಡೆಯಲು ಹೊರಟರು. ಕೊಬ್ಬರಿ ಮಂಡಿಯ ಮನೆಯಲ್ಲಿ ಕಾಯಿಯನ್ನು ಸುಮ್ಮನೆ ಒಡೆಯುವವರಿಲ್ಲ. ನನಗೆ ತಡೆಯಲಾಗಲಿಲ್ಲ. ಅಮ್ಮಾ, ಆ ಆಟ... ಎಂದು ಬಾಯಿ ತೆಗೆದೆ.

ಅವರು ಕೈ ಎತ್ತಿ ನಿಲ್ಲಿಸಿದರು. “ನಿಂಗೆ ಗೊತ್ತು ಅಂತ ನಂಗೂ ಗೊತ್ತು ಕಣವ್ವ. ಸೋಮವಾರದಿಂದ ನಿನ್ ಮುಖ ನೋಡ್ತಾ ಇವ್ನಿ. ಅಟ್ಟದ ಮ್ಯಾಲಿರೋ ಕಾಯಿ ಒಳಗೆ ಕೌಟು ಆಗಿದ್ರೆ ಆಗ್ಲೇ ಆಗಿರ್ತೈತೆ. ಹಂಗಂತ ದಿನಾ ಒಂದೊಂದು ಒಡ್ದು ನೋಡ್ತೀವಾ? ಅದು ಗಡಗಡ ಅನ್ನೋಗಂಟ ಚೆನ್ನಾಗೈತೆ ಅಂತ್ಲೇ ಇರೋದು. ಮಧ್ಯಾಹ್ನ ಬಾ, ಕೂತ್ಕೊಂಡು ನೋಡಾನ.”

ಹೋಗಿ ಕಾಯಿ ಒಡೆದು ಬಂದರು. ಮಧ್ಯಾಹ್ನ ಕೂತು ನೋಡಿದೆವು. ನನಗೆ ಫಲಿತಾಂಶ ಗೊತ್ತಿತ್ತು, ಅವರಿಗೆ ನನ್ನ ಮುಖ ಗೊತ್ತಿತ್ತು. ಆದರೂ ಕೊನೆಯಲ್ಲಿ ಇಬ್ಬರೂ ಎದ್ದು ನಿಂತಿದ್ದೆವು. ಸಮಯ ಮುಗಿದಿತ್ತು. ಚೆಂಡು ಜೀವಂತ ಇರುವವರೆಗೆ ಆಟ ನಡೆಯುತ್ತದೆ ಎಂಬ ನಿಯಮ ಅಷ್ಟರಲ್ಲಿ ನಮಗೆ ಬಂದಿತ್ತು. ನೇರಳೆಯವರು ಎದುರಾಳಿಯ ಗೆರೆಯ ಮೇಲೇ ಇದ್ದರು. ಒಬ್ಬ ಬಿದ್ದ, ಇನ್ನೊಬ್ಬ ಎತ್ತಿಕೊಂಡ, ಅವನೂ ಬಿದ್ದ. ಗೆರೆಯಾಚೆ ನೆಲಕ್ಕೆ ಒತ್ತಿದರೆ ಮುಗಿಯಿತು, ಗೆದ್ದಂತೆ. ಓನರಮ್ಮ “ಶಿವ ಶಿವ” ಎನ್ನುತ್ತಿದ್ದರು. ಪತ್ರಿಕೆಯಲ್ಲಿ ತಪ್ಪು ಅಚ್ಚಾಗಿರಬಹುದು ಎಂದು ನಾನೂ ಆ ಗಳಿಗೆಯಲ್ಲಿ ನಂಬಿದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಚೆಂಡು ಒಬ್ಬನ ಕೈಜಾರಿ ಮುಂದಕ್ಕೆ ಬಿತ್ತು. ಸೀಟಿ ಊದಿದರು.

ಓನರಮ್ಮ ಟಿ.ವಿ. ಆರಿಸಿ ಚಾಪೆ ಸುತ್ತಿಟ್ಟರು. ಆಮೇಲೆ ಹೇಳಿದ್ದಿಷ್ಟೇ: “ಪಾಪ, ಆ ಹುಡುಗ ಇವತ್ತು ಮನೇಲಿ ಉಣ್ಣಾಕಿಲ್ಲ.” ಆ ಹುಡುಗ ಚೆಂಡು ಬಿಟ್ಟು ಆಗಲೇ ಒಂದು ವಾರವಾಗಿತ್ತು ಎಂದು ನಾನು ನೆನಪಿಸಲಿಲ್ಲ.

ಮುಂದಿನ ವರ್ಷವೂ ಭಾನುವಾರ ಚಾಪೆ ಹಾಸುತ್ತಿದ್ದೆವು. ಯಾರೋ ಗೆಲ್ಲುತ್ತಿದ್ದರು, ಯಾರೋ ಸೋಲುತ್ತಿದ್ದರು. ಓನರಮ್ಮ ನಡುವೆಯೇ ತೂಕಡಿಸುತ್ತಿದ್ದರು. ಆ ಡುಮ್ಮ ಬಂದಾಗ ಮಾತ್ರ ಕಣ್ಣು ಬಿಟ್ಟು ನೋಡುತ್ತಿದ್ದರು. ಅವರು ಹೇಳಿದ ಹಾಗೆ ನನಗೂ ವರ್ಗವಾಯಿತು, ಬೇಲೂರಿಗೆ. ಹೊರಟ ದಿನ ಅಟ್ಟದಿಂದ ಒಂದು ಕಾಯಿ ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ನನ್ನ ಕೈಗಿಟ್ಟರು. ಒಂದಷ್ಟು ಕಾಲ ಫೋನು ಮಾಡುತ್ತಿದ್ದೆ. ಅವರಿಗೆ ಕಿವಿ ಮಂದವಾಗುತ್ತ ಬಂತು, ನನ್ನ ಮಾತು ಕೂಗಾಟವಾಗುತ್ತ ಬಂತು, ಆಮೇಲೆ... ಹಾಗೇ ನಿಂತುಹೋಯಿತು.

ಬೇಲೂರಿನಲ್ಲಿ ಇಂಟರ್‌ನೆಟ್ ಸೆಂಟರ್ ಶುರುವಾದ ಮೇಲೆ ಒಂದು ದಿನ ಏನೋ ಹುಡುಕಲು ಹೋದವಳು ನೇರಳೆಯವರ ಹೆಸರು ಒತ್ತಿದೆ. ಅವರು ಕೆಳಗಿನ ದರ್ಜೆಯಲ್ಲಿ ಗೆಲ್ಲುತ್ತಿದ್ದರು. ಆ ಚಳಿಗಾಲವೆಲ್ಲ ಪ್ರತಿ ವಾರ ಹೋಗಿ ನೋಡುವುದು ನನಗೊಂದು ಕೆಲಸವಾಯಿತು. ಓನರಮ್ಮನಿಗೆ ಹೇಳಬೇಕು ಎಂದು ಎಷ್ಟು ಸಲ ಅನ್ನಿಸಿತೋ. ಬೇಡ, ಇನ್ನೂ ಹಸಿ ಇದೆ, ಈಗಲೇ ಹೇಳಿ ಆಮೇಲೆ ಕೆಟ್ಟರೆ ಅವರು ಇನ್ನೊಂದು ಸಲ ತಡೆದುಕೊಳ್ಳಲಾರರು ಎಂದು ಸುಮ್ಮನಾದೆ. ಅವರೇ ಕಲಿಸಿದ ಪಾಠ. ಬೇಸಗೆಯಲ್ಲಿ ನೇರಳೆಯವರು ಮೇಲಿನ ದರ್ಜೆಗೆ ಬಂದರು. ಇನ್ನು ಟಿ.ವಿ.ಯಲ್ಲಿ ಬರುತ್ತಾರೆ. ಆ ಭಾನುವಾರವೇ ಹಳೇಬೀಡು, ಜಾವಗಲ್ ಮೇಲೆ ಅರಸೀಕೆರೆಗೆ ಹೊರಟೆ. ಕಿವಿ ಕೇಳದವರಿಗೆ ಈ ಸುದ್ದಿಯನ್ನು ಹೇಗೆ ಕೂಗಿ ಹೇಳುವುದು, ಬೀದಿಯವರು ಏನೆಂದುಕೊಂಡಾರು ಎಂದು ಬಸ್ಸಿನಲ್ಲಿ ಒಬ್ಬಳೇ ನಕ್ಕದ್ದು ನೆನಪಿದೆ.

ಬಾಗಿಲು ತೆಗೆದದ್ದು ಅವರ ಮೈದುನನ ಸೊಸೆ. ನಾನು ಯಾರೆಂದು ಹೇಳಿದೆ. ಆಕೆ ನನ್ನನ್ನು ಒಳಗೆ ಕರೆದು ಕೂರಿಸಿ, “ದೊಡ್ಡತ್ತೆ ಕಾರ್ತಿಕದಲ್ಲೇ ಹೋಗ್ಬಿಟ್ರಲ್ಲ... ನಿಮಗೆ ಗೊತ್ತಾಗ್ಲಿಲ್ವಾ?” ಎಂದರು. ತಿಳಿಸಬೇಕಾದವರಲ್ಲಿ ನಾನು ಇರಲಿಲ್ಲ. ಯಾರ ತಪ್ಪೂ ಅಲ್ಲ. ಎಂದೋ ಬಿಟ್ಟುಹೋದ ಬಾಡಿಗೆಯವಳಿಗೆ ಯಾರು ಹೇಳಿ ಕಳಿಸುತ್ತಾರೆ? ನಾನು ಅವರಿಗೆಂದು ಫಲಿತಾಂಶ ನೋಡಲು ಶುರುಮಾಡಿದಾಗಲೇ ಅವರು ಇರಲಿಲ್ಲ. ಅಷ್ಟೂ ತಿಂಗಳು ನನ್ನ ಪಾಲಿಗೆ ಅವರು ಅದೇ ಚಾಪೆಯ ಮೇಲೆ ಕೂತಿದ್ದರು. ಆಕೆ ಕಾಫಿ ತಂದುಕೊಟ್ಟು, ಏನಾದರೂ ವಿಷಯ ಇತ್ತಾ ಎಂದು ಕೇಳಿದರು. ಏನಿಲ್ಲ, ಸುಮ್ಮನೆ ಬಂದಿದ್ದೆ ಎಂದೆ.

ಈಗ ನೇರಳೆಯವರ ಪಂದ್ಯಗಳು ಫೋನಿನಲ್ಲೇ, ಆಡುತ್ತಿರುವ ಹೊತ್ತಿಗೇ ಬರುತ್ತವೆ. ತಪ್ಪದೆ ನೋಡುತ್ತೇನೆ. ಸೋತ ದಿನ ಅಷ್ಟೇನೂ ಅನ್ನಿಸುವುದಿಲ್ಲ, ಫೋನು ಬದಿಗಿಟ್ಟು ಅನ್ನಕ್ಕಿಡುತ್ತೇನೆ. ಗೆದ್ದ ದಿನವೇ ಕಷ್ಟ.