ಕತ್ತಲು ಬೇಡಿದ ಸೇವಂತಿಗೆ

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಮನೆಸಾಲಾದ ಲೈನಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಸೇವಂತಿಗೆ ಯಾವಾಗ ಬಿಡುತ್ತದೆಂದು ಯಾರು ಕೇಳಿದರೂ ಒಂದೇ ಉತ್ತರ: "ಕತ್ಲು ಉದ್ದ ಆಗ್ಲಿ, ಊವು ತಾನೇ ಬತ್ತದೆ." ಹೇಳುವಾಗ ಗಿಡದ ತುದಿಯನ್ನು, ಮಗುವಿನ ಗಲ್ಲ ಹಿಡಿದಂತೆ, ಎರಡು ಬೆರಳಲ್ಲಿ ಎತ್ತಿ ನೋಡುತ್ತಿದ್ದರು.

ಒಂದು ವರ್ಷ ಅವರ ಬಾಗಿಲೆದುರಿಗೇ ಹೊಸ ಬೀದಿದೀಪ ಬಂತು. ಲೈನಿಗೆಲ್ಲ ಸಂಭ್ರಮ. ಆದರೆ ದೀಪಾವಳಿ ಬಂದರೂ ಅಜ್ಜಿಯ ಗಿಡಗಳಲ್ಲಿ ಬರೀ ಎಲೆ. ರಾತ್ರಿಯಿಡೀ ಬೆಳಕು ಬಿದ್ದು ಅವಕ್ಕೆ ಕತ್ತಲೇ ಸಿಕ್ಕಿರಲಿಲ್ಲ.

"ಕಿತ್ತಾಕ್ಬಿಡಿ ಅಜ್ಜಿ, ಬಂಗಾರಪೇಟೇಲಿ ಊವು ಸಿಗಲ್ವಾ?" ಎಂದರು ನಮ್ಮಮ್ಮ.

"ಬೆಳೆಯೋಳು ಕೊಂಡ್ಕೊಂತಾಳೇನೆ?" ಎಂದು ಅಜ್ಜಿ ಸರ್ರನೆ ಒಳಗೆ ಹೋದರು.

ಮರುವರ್ಷ ಗಣೇಶನ ಹಬ್ಬ ಮುಗಿದದ್ದೇ ಪೆಟ್ಟಿಗೆಯಿಂದ ಕರಿಯ ಕಂಬಳಿಗಳು ಹೊರಬಂದವು. ತೀರಿಹೋದ ಅವರ ಯಜಮಾನರು ಬೆಳಗಿನ ಪಾಳಿಗೆ ಹೊದ್ದು ಗಣಿಗೆ ಹೋಗುತ್ತಿದ್ದ ಕಂಬಳಿಗಳು. ದಿನವೂ ಹೊತ್ತು ಮುಳುಗುವಾಗ ಅಜ್ಜಿ ಕೋಲು ನೆಟ್ಟು ಅವನ್ನು ಗಿಡಗಳ ಮೇಲೆ ಹೊದಿಸುವರು, ಬೆಳಿಗ್ಗೆ ತೆಗೆಯುವರು.

"ಗಿಡಕ್ಕೂ ಚಳಿಯಾ ಅಜ್ಜಿ?" ಎಂದು ದಾರಿಹೋಕರು ನಗುತ್ತಿದ್ದರು.

"ಚಳಿಯಲ್ಲ ಕಣ್ಲಾ, ನಿದ್ದೆ."

ಆ ದೀಪಾವಳಿಗೆ ಲೈನಿನಲ್ಲಿ ಯಾರೂ ಹೂವು ಕೊಳ್ಳಲಿಲ್ಲ. ಬಾಗಿಲು ಬಾಗಿಲಿಗೂ ಅಜ್ಜಿಯ ಹಳದಿ ಸೇವಂತಿಗೆ. ಮೊರದ ತುಂಬ ಹೂವು ಹೊತ್ತು ನಮ್ಮ ಮನೆಗೂ ಬಂದರು. ಅಮ್ಮನ ಸೆರಗಿಗೆ ಸುರಿದು, ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದರು:

"ನಮ್ ಯಜಮಾನ್ರು ಕತ್ಲಲ್ಲಿಳಿದೇ ಚಿನ್ನ ತಂದ್ರು ಕಣಮ್ಮಾ. ನಾನೂ ಅಂಗೇ ತಂದಿದ್ದೀನಿ, ನೋಡು."