ಪದ್ಮಯ್ಯ ಸರ್ ಬೇಕೆಂದೇ ಮಾಡಿದ ಫೌಲ್

ಬೆಳ್ತಂಗಡಿ ತಾಲೂಕಿನ ಶಾಲಾ ಕ್ರೀಡಾರಂಗದಲ್ಲಿ ಹುಡುಗಿಯರ ತ್ರೋಬಾಲ್ ಆಟಕ್ಕೆ ಇಂದು ಒಂದು ಶಿಸ್ತೂ ಒಂದು ಮರ್ಯಾದೆಯೂ ಒದಗಿದ್ದರೆ, ಅದರ ಹಿಂದೆ ಮುಂಡಾಜೆಯ ಸಮೀಪದ ನಮ್ಮ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಾದ ಶ್ರೀ ಪದ್ಮಯ್ಯ ಗೌಡರ ಮೂವತ್ತೊಂದು ವರ್ಷಗಳ ದುಡಿಮೆಯಿದೆ. ವಯೋನಿವೃತ್ತರಾಗುತ್ತಿರುವ ಅವರ ಅಭಿನಂದನ ಸಂಪುಟಕ್ಕೆ ಬರೆಯಲು ವಿದ್ವಾಂಸರು ಬೇಕಾದಷ್ಟು ಮಂದಿ ಇದ್ದಾರೆ. ನಾನು ವಿಸ್ಮಿತಾ, ಅವರ ಹಳೆಯ ವಿದ್ಯಾರ್ಥಿನಿ; ಗಡಿ ಕಾಯುವ ಪಡೆಯೊಂದರ ಸಿಪಾಯಿಯಾಗಿ ಲಡಾಖಿನಲ್ಲಿದ್ದೇನೆ; ಭಾರತದ ಮಹಿಳಾ ಐಸ್ ಹಾಕಿ ತಂಡದ ಗೋಲ್‌ಕೀಪರ್. ತಪ್ಪಿದ್ದರೆ ಸರ್ ತಿದ್ದಿಯಾರು ಎಂಬ ಧೈರ್ಯದಿಂದ ನನಗೆ ಬಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ತ್ರೋಬಾಲ್ ಆಡಿದವರಿಗೆಲ್ಲ ಅದರ ನಿಯಮ ಗೊತ್ತು. ಬಂದ ಚೆಂಡನ್ನು ಎರಡೂ ಕೈಗಳಲ್ಲಿ ಹಿಡಿಯಬೇಕು, ಮೈಗೆ ತಾಗಿಸಬಾರದು, ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ಆಚೆಗೆ ಎಸೆಯಬೇಕು. ಸರ್ ಗಡಿಯಾರ ನೋಡುತ್ತಿರಲಿಲ್ಲ. “ಒಂಜಿ, ರಡ್ಡ್, ಮೂಜಿ” ಎಂದು ತುಳುವಿನಲ್ಲಿ ಎಣಿಸುತ್ತಿದ್ದರು, ‘ಮೂಜಿ’ಗೆ ಚೆಂಡು ಕೈಯಲ್ಲಿದ್ದರೆ ಮೈದಾನಕ್ಕೆ ಎರಡು ಸುತ್ತು ಓಟ. ಮೂರು ವರ್ಷ ಹಾಗೆ ಓಡಿ ಓಡಿ, ಕೊನೆಗೆ ಕನಸಿನಲ್ಲೂ ನಾವು ಚೆಂಡನ್ನು ಹಿಡಿದು ಇಟ್ಟುಕೊಳ್ಳುತ್ತಿರಲಿಲ್ಲ.

ಗದರುವುದರಲ್ಲಿ ಜೋರಾದ ಈ ಮನುಷ್ಯ ಉಪಕಾರ ಮಾಡುವಾಗ ಮಾತ್ರ ಸದ್ದೇ ಮಾಡುತ್ತಿರಲಿಲ್ಲ. ನನ್ನ ಜೊತೆ ಆಡುತ್ತಿದ್ದ ಸೈನಬ, ಚಡ್ಡಿ ಹಾಕಿ ಆಡಲು ಮನೆಯಲ್ಲಿ ಬಿಡುವುದಿಲ್ಲವೆಂದು ತಂಡದಿಂದ ಹಿಂದೆ ಸರಿದಾಗ, ಸರ್ ಅವಳೊಬ್ಬಳಿಗಲ್ಲ, ಇಡೀ ತಂಡಕ್ಕೇ ಉದ್ದ ಪ್ಯಾಂಟು ಹೊಲಿಸಿದರು. ಮೂಡುಬಿದಿರೆಯ ಪಂದ್ಯಕ್ಕೆ ಹೋದಾಗ ಬೇರೆ ಶಾಲೆಯವರು “ಇವರೆಂತ ಮದುವೆಗೆ ಬಂದದ್ದಾ?” ಎಂದು ನಕ್ಕರು. ನಾವು ಕಪ್ ಎತ್ತಿಕೊಂಡು ಬಂದೆವು. ಪ್ಯಾಂಟಿನ ಕಾರಣ ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪಡೆಯ ಭರ್ತಿಗೆ ನನ್ನನ್ನು ಕಳುಹಿಸಲು ಅಪ್ಪ ಚನಿಯಪ್ಪನವರು ಒಪ್ಪದಿದ್ದಾಗ, ಸರ್ ಮೂರು ಭಾನುವಾರ ನಮ್ಮ ಜಗಲಿಯಲ್ಲಿ ಬಂದು ಕುಳಿತು, ಮಳೆ ಬೆಳೆ ಮಾತಾಡಿ ಹೋದರು. ನಾಲ್ಕನೆಯ ಭಾನುವಾರ ಅಪ್ಪನೇ, “ನಿಮಗೆ ಚಹಾ ಮಾಡಿ ಮಾಡಿ ಇವಳ ಅಮ್ಮನಿಗೆ ಸಾಕಾಯ್ತು ಮಾಷ್ಟ್ರೇ, ಹೋಗ್ಲಿ ಇವಳು” ಎಂದರು.

ಲಡಾಖಿನ ಮೊದಲ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಮ್ಮ ಪಡೆಯ ಹುಡುಗಿಯರು ಹಾಕಿ ಆಡುತ್ತಿದ್ದರು. ನನಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಹಾರಿ ಬಂದದ್ದನ್ನು ಹಿಡಿಯುವ ಕೈ ಇದೆಯೆಂದು ಗೋಲಿನೆದುರು ನಿಲ್ಲಿಸಿದರು. ಆ ಕೈ ಸರ್ ಕೊಟ್ಟದ್ದು; ಸ್ಕೇಟಿಂಗ್ ಕಲಿತ ಮೇಲೆ ಅದೇ ನನ್ನನ್ನು ಭಾರತ ತಂಡಕ್ಕೂ ಮುಟ್ಟಿಸಿತು. ಅದೇ ಕೈ ಕಳೆದ ವರ್ಷ ನನ್ನ ಮಾನ ಕಳೆಯಿತು.

ಏಷ್ಯಾದ ಮಹಿಳಾ ರಾಷ್ಟ್ರೀಯ ತಂಡಗಳ ಐಸ್ ಹಾಕಿ ಪಂದ್ಯಾವಳಿ ಕೊಲ್ಲಿಯ ನಗರವೊಂದರಲ್ಲಿ ನಡೆಯುತ್ತಿತ್ತು. ಹೊರಗೆ ಮೈ ಸುಡುವ ಸೆಕೆ, ಒಳಗೆ ಮಂಜುಗಡ್ಡೆಯ ಅಂಕಣ. ಅಲ್ಲಿ ಕೆಲಸಕ್ಕಿರುವ ಬಂಟ್ವಾಳ, ಮೂಡುಬಿದಿರೆ ಕಡೆಯ ನಾಲ್ಕೈದು ಕುಟುಂಬಗಳು ಊರಿನ ಹುಡುಗಿಯೆಂದು ನೋಡಲು ಬಂದಿದ್ದವು. ಗೆದ್ದರೆ ಫೈನಲ್ ಎಂಬ ಪಂದ್ಯ ಸಮಸಮವಾಗಿತ್ತು, ಮುಗಿಯಲು ಐದು ನಿಮಿಷ. ಐಸ್ ಹಾಕಿಯಲ್ಲಿ ಚೆಂಡಿಲ್ಲ, ಪಕ್ ಎಂಬ ರಬ್ಬರಿನ ಬಿಲ್ಲೆ. ಹಾರಿ ಬಂದ ಪಕ್ಕನ್ನು ಎಡಗೈಯ ಗ್ಲೌಸಿನಲ್ಲಿ ಹಿಡಿದೆ. ಹಿಡಿದು ಇಟ್ಟುಕೊಂಡಿದ್ದರೆ ರೆಫ್ರಿ ವಿಸಿಲ್ ಊದುತ್ತಿದ್ದರು, ಅಷ್ಟೇ. ಎಡಚಿಯಾದ ನಾನು ಯೋಚಿಸುವ ಮೊದಲೇ ಭುಜದ ಮೇಲಿಂದ ಮುಂದಕ್ಕೆ ಎಸೆದುಬಿಟ್ಟೆ! ಗೋಲ್‌ಕೀಪರ್ ಹಾಗೆ ಎಸೆಯುವಂತೆಯೇ ಇಲ್ಲ; ಎಸೆದದ್ದು ಎದುರಾಳಿಗೆ ಸಿಕ್ಕರೆ ಆಟ ನಿಲ್ಲಿಸುವುದೂ ಇಲ್ಲ. ಅದು ನೇರ ಎದುರಾಳಿಯ ಕೋಲಿಗೆ ಸಿಕ್ಕಿ, ಮರುಕ್ಷಣ ನನ್ನ ಬೆನ್ನ ಹಿಂದಿನ ಬಲೆಯಲ್ಲಿತ್ತು. ಎಂಥ ಒಳ್ಳೆಯ ಎಸೆತವೆಂದು ಚಪ್ಪಾಳೆ ತಟ್ಟಿದವರು ನಮ್ಮ ಊರಿನವರು ಮಾತ್ರ.

ಆ ಒಂದು ಗೋಲಿನಿಂದ ಸೋತೆವು. ಕಂಚಿನ ಪಂದ್ಯಕ್ಕೆ ಎರಡು ದಿನವಿತ್ತು. ಗೋಲಿನಲ್ಲಿ ಯಾರು ನಿಲ್ಲಬೇಕೆಂದು ತರಬೇತುದಾರರು ಮರುದಿನ ತೀರ್ಮಾನಿಸುವವರಿದ್ದರು. ನಾನು ನಿಲ್ಲುವುದಿಲ್ಲ, ಈ ಆಟವನ್ನೇ ಬಿಡುತ್ತೇನೆ ಎಂದು ಕಾಗದ ಬರೆದಿಟ್ಟು, ಕೊಡುವ ಮೊದಲು ಸರ್‌ಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳುವಷ್ಟರಲ್ಲಿ ಅಳು ತಡೆಯಲಾಗಲಿಲ್ಲ.

“ಎಂತಕ್ಕೆ ಕೂಗುವುದು ಮಾರಾಯ್ತಿ? ಮೂರು ಸೆಕೆಂಡು ಅಂತ ನಿನ್ನ ತಲೆಗೆ ತುಂಬಿಸಿದ್ದು ಯಾರು? ನಾನಲ್ವಾ? ಹಾಗಾದ್ರೆ ಆ ಗೋಲು ನನ್ನ ತಲೆಗೆ,” ಎಂದರು. ಆಮೇಲೆ, “ಎಸೆಯದೆ ಇಟ್ಟುಕೊಳ್ಳುವುದು ಹೇಗೆ, ಹೇಳು,” ಎಂದು ಕೇಳಿದರು.

“ಎದೆಗೆ ಒತ್ತಿ ಹಿಡಿದು ಅದರ ಮೇಲೆ ಮಲಗಿಬಿಡುವುದು ಸರ್.”

“ಅಯ್ಯೋ ದೇವರೇ, ಅದು ಫೌಲ್ ಅಲ್ವಾ!” ಎಂದವರು ನಕ್ಕುಬಿಟ್ಟರು. “ಆಯ್ತು. ನಾಳೆ ಬೆಳಿಗ್ಗೆ ಪಿಟಿ ಪಿರಿಯಡ್ಡಿನಲ್ಲಿ ಫೋನ್ ಮಾಡ್ತೇನೆ. ಅಲ್ಲಿವರೆಗೆ ಆ ಕಾಗದ ಕೊಡ್ಬೇಡ.”

ಮರುದಿನ ವಿಡಿಯೋ ಕರೆ ಬಂತು. ಫೋನ್ ಹಿಡಿದು ನಿಂತವಳು ಸೈನಬ, ಈಗ ಅದೇ ಶಾಲೆಯ ಅತಿಥಿ ಶಿಕ್ಷಕಿ. ತ್ರೋಬಾಲ್ ಅಂಕಣದ ಒಂದು ಬದಿಯಲ್ಲಿ ಏಳು ಹುಡುಗಿಯರು, ಇನ್ನೊಂದು ಬದಿಯಲ್ಲಿ ಒಂಟಿಯಾಗಿ, ನೋಯುವ ಮಂಡಿಯ, ಬಿಳಿ ಅಂಗಿಯ ಪದ್ಮಯ್ಯ ಸರ್. ಹುಡುಗಿಯರು ಎಸೆದರು. ಸರ್ ಹಿಡಿದರು. ಹಿಡಿದ ಕೈ ತನ್ನಷ್ಟಕ್ಕೇ ಮೇಲೆದ್ದು ಚೆಂಡು ಆಚೆಗೆ ಹೋಯಿತು. “ಥತ್!” ಎಂದರು. ನಾಲ್ಕು ಬಾರಿ ಹಾಗೆಯೇ ಆಯಿತು. ಐದನೆಯದನ್ನು ಎದೆಗೆ ಅಪ್ಪಿಕೊಂಡು, ಅರುವತ್ತರ ಹೊಸ್ತಿಲಲ್ಲಿದ್ದ ಆ ಮನುಷ್ಯ ಕೆಂಪು ಮಣ್ಣಿನ ಮೇಲೆ ಕವುಚಿ ಬಿದ್ದರು. ಹುಡುಗಿಯರು ಅಭ್ಯಾಸಬಲದಿಂದ “ಸರ್, ಫೌಲ್! ಫೌಲ್!” ಎಂದು ಕೂಗಿಕೊಂಡರು. ಸರ್ ಎದ್ದರು, ಮತ್ತೆ ಬಿದ್ದರು. ಹತ್ತು ಹನ್ನೆರಡು ಬಾರಿಯಾದ ಮೇಲೆ ಏದುಸಿರು ಬಿಡುತ್ತ ಫೋನಿನ ಹತ್ತಿರ ಬಂದು, “ನೋಡಿದ್ಯಾ? ಈ ಪ್ರಾಯದಲ್ಲಿ ನನಗೆ ಮರೀಲಿಕ್ಕೆ ಆಗ್ತದೆ. ನಿನಗೆ ಎಂತ ದಾಡಿ?” ಎಂದರು.

ಗುರುಗಳೆಂದರೆ ಕಲಿಸುವವರು ಎಂದಷ್ಟೇ ತಿಳಿದಿದ್ದೆ. ಜೀವಮಾನವಿಡೀ ತಪ್ಪೆಂದು ಗದರಿದ್ದನ್ನೇ, ಒಬ್ಬಳು ಹಳೆಯ ಶಿಷ್ಯೆಗೆ ಬೇಕಾಯಿತೆಂದು, ತನ್ನ ಶಾಲೆಯ ಮಕ್ಕಳೆದುರು ಮಣ್ಣಾಗಿ ಮಾಡಿ ತೋರಿಸುವವರೂ ಇದ್ದಾರೆಂದು ಅಂದು ಕಂಡೆ. ಕಾಗದವನ್ನು ಹರಿದೆ. ತರಬೇತುದಾರರ ಬಳಿ ಹೋಗಿ, ನನಗೇ ಅವಕಾಶ ಕೊಡಿ ಎಂದು ಬೇಡಿಕೊಂಡೆ. ಸಂಜೆಯವರೆಗೂ ಹಿಡಿದು ಮಲಗುವುದನ್ನೇ ಅಭ್ಯಾಸ ಮಾಡಿದೆ.

ಕಂಚಿನ ಪಂದ್ಯದಲ್ಲಿ ನಾವು ಒಂದು ಗೋಲಿನಿಂದ ಮುಂದಿದ್ದೆವು. ಉಳಿದದ್ದು ನಲುವತ್ತು ಸೆಕೆಂಡು. ಪಕ್ ಬಂತು, ಹಿಡಿದೆ, ಕೈ ಕಿವಿಯವರೆಗೆ ಎದ್ದೇಬಿಟ್ಟಿತ್ತು. ಮನಸ್ಸಿನೊಳಗೆ ಏಳು ಹುಡುಗಿಯರು “ಫೌಲ್!” ಎಂದು ಕೂಗಿದರು. ಕೈ ಇಳಿಸಿ ಎದೆಗೊತ್ತಿಕೊಂಡು ಮಲಗಿದೆ, ವಿಸಿಲ್ ಕೇಳಿದ ಮೇಲೂ ಏಳಲಿಲ್ಲ. ನಾವು ಗೆದ್ದೆವು.

ಈ ಸಂಪುಟಕ್ಕಾಗಿ ಸೈನಬ, ಸರ್ ತಯಾರು ಮಾಡಿದ ಆಟಗಾರರ ಪದಕಗಳ ಪಟ್ಟಿ ಮಾಡಿ ಅವರಿಗೆ ತೋರಿಸಿದಳಂತೆ. ತಾಲೂಕು ಮಟ್ಟದ್ದನ್ನೂ ಬಿಡದೆ ಓದಿದ ಸರ್, ಕೊನೆಯಲ್ಲಿದ್ದ ನನ್ನ ಕಂಚಿನ ಮೇಲೆ ಪೆನ್ನಿನಿಂದ ಗೆರೆ ಎಳೆದರಂತೆ. “ಅದು ನಾನು ಕಲಿಸಿದ್ದನ್ನು ಬಿಟ್ಟು ಅವಳು ಗೆದ್ದದ್ದು. ನನ್ನದು ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ತದೆ,” ಎಂದರಂತೆ.

ಸರ್, ನೀವು ನಿಮ್ಮ ಮನೆಯವರೊಂದಿಗೆ ನೂರು ವರ್ಷ ಸುಖವಾಗಿ ಬಾಳಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ಸಂಜೆ ನಾಲ್ಕಕ್ಕೆ ಆ ಅಂಕಣದಲ್ಲಿ ನಿಮ್ಮ ಗದರಿಕೆ ಕೇಳುತ್ತಲೇ ಇರಬೇಕು. ಆದರೆ ಈ ಒಂದು ವಿಷಯದಲ್ಲಿ ನಿಮ್ಮ ಮಾತನ್ನು ನಾನು ಕೇಳುವುದಿಲ್ಲ. ಹಿಡಿಯಲು ಕಲಿಸಿದವರು ನೀವು, ಎಸೆಯಲು ಕಲಿಸಿದವರು ನೀವು, ಎಸೆಯದೆ ಇರಲು ನೆಲಕ್ಕೆ ಬಿದ್ದು ಕಲಿಸಿದವರೂ ನೀವೇ. ಸೈನಬ, ಆ ಗೆರೆಯನ್ನು ಅಳಿಸಿ ಕಂಚನ್ನು ಪಟ್ಟಿಯಲ್ಲೇ ಅಚ್ಚು ಹಾಕಿಸು. ಸರ್ ಸಿಟ್ಟಾದರೆ ನನ್ನ ಹೆಸರು ಹೇಳು. ಎರಡಲ್ಲ, ಹತ್ತು ಸುತ್ತು ಬೇಕಾದರೂ ಓಡುತ್ತೇನೆ.